ಸಿಗ್ನಲ್‌ನಲ್ಲಿ ಪಿಕಪ್ ನಡುಗ್ತಿದೆಯಾ? ಮೊದಲು ಎಂಜಿನ್ ಮೌಂಟ್ ನೋಡಿ

ಹೆಬ್ಬಾಳ ಫ್ಲೈಓವರ್ ಹತ್ತಿರ ಜಾಮ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತೆ, ಕನ್ನಡಿಯಲ್ಲಿ ಹಿಂದಿನ ಬಸ್ ಮಸುಕಾಗಿ ಕಾಣುತ್ತೆ. ‘ಡೀಸೆಲ್ ಪಿಕಪ್ ಅಲ್ವಾ, ಹಾಗೇ ಇರುತ್ತೆ ಬಿಡಿ’ ಅಂತ ಸಮಾಧಾನ ಮಾಡ್ಕೋತೀವಿ. ಆದರೆ ಕಳೆದ ವರ್ಷ ಇಲ್ಲದ ನಡುಕ ಈ ವರ್ಷ ಬಂದಿದ್ದರೆ ಅದು ಡೀಸೆಲ್ ಗುಣ ಅಲ್ಲ. ಇಂಜೆಕ್ಟರ್, ಕ್ಲಚ್ ಅಂತ ದುಡ್ಡು ಸುರಿಯುವ ಮೊದಲು ಎಂಜಿನ್ ಮೌಂಟ್ ನೋಡಿಸಿ.

ಏನಿದು ಮೌಂಟ್?

ಎಂಜಿನ್ ಮತ್ತು ಚಾಸಿ ಮಧ್ಯೆ ಕೂರುವ, ಲೋಹಕ್ಕೆ ಬೆಸೆದ ರಬ್ಬರ್ ತುಂಡು. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್‌ನ ಎಡಕ್ಕೊಂದು, ಬಲಕ್ಕೊಂದು, ಗೇರ್‌ಬಾಕ್ಸ್ ಕೆಳಗೊಂದು. ನಾಲ್ಕು ಸಿಲಿಂಡರ್ ಎಂಜಿನ್ 750 ಆರ್‌ಪಿಎಂನಲ್ಲಿ ಐಡಲ್ ಆಗುವಾಗ ಸೆಕೆಂಡಿಗೆ 25 ಸಲ ಇಂಧನ ಉರಿಯುತ್ತೆ. ಆ ಹೊಡೆತವೆಲ್ಲ ಕ್ಯಾಬಿನ್‌ಗೆ ಬರದಂತೆ ತಡೆಯೋದು ಈ ರಬ್ಬರ್. 1931ರಲ್ಲಿ ಅಮೆರಿಕದ ಪ್ಲಿಮತ್ ಕಾರನ್ನು ಮಾರಿದ್ದೇ ‘ಫ್ಲೋಟಿಂಗ್ ಪವರ್’ ಎಂಬ ರಬ್ಬರ್ ಮೌಂಟ್‌ಗಳ ಹೆಸರಲ್ಲಿ!

ಫೋರ್ ವೀಲ್ ಡ್ರೈವ್‌ಗೆ ಯಾಕೆ ಹೆಚ್ಚು ಕಷ್ಟ?

2016ರಲ್ಲಿ ಭಾರತಕ್ಕೆ ಬಂದ ಇಸುಜು ವಿ-ಕ್ರಾಸ್‌ನ 2.5 ಲೀಟರ್ ಎಂಜಿನ್ ಟಾರ್ಕ್ 320 ನ್ಯೂಟನ್ ಮೀಟರ್. ಇಂಥ ಗಾಡಿಯನ್ನು ಲೋ ರೇಂಜ್, ಫಸ್ಟ್ ಗೇರ್‌ನಲ್ಲಿ ಸಕಲೇಶಪುರದ ಕೆಸರು ಹತ್ತಿಸಿದರೆ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಆ ಟಾರ್ಕನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಶಾಫ್ಟ್ ಒಂದು ಕಡೆ ತಿರುಗುವಾಗ ಎಂಜಿನ್ ಇನ್ನೊಂದು ಕಡೆ ತಿರುಚಿಕೊಳ್ಳಲು ನೋಡುತ್ತೆ. ಹಿಡಿದಿಡೋದು ಮೌಂಟ್‌ಗಳೇ. ಜೊತೆಗೆ ಬಿಸಿ, ಆಯಿಲ್ ಸೋರಿಕೆ ಇದ್ದರೆ ರಬ್ಬರ್ ಬೇಗ ಉಬ್ಬಿ, ಮೆತ್ತಗಾಗಿ ಹರಿಯುತ್ತೆ.

ಕಂಡುಹಿಡಿಯೋದು ಹೇಗೆ?

ಐಡಲ್‌ನಲ್ಲಿ ನಡುಕ, ಆಕ್ಸಿಲರೇಟರ್ ಒತ್ತಿದ ಕೂಡಲೇ ಮಾಯ. ಕ್ಲಚ್ ಬಿಡುವಾಗ ‘ಧಡ್’ ಶಬ್ದ. ಗೇರ್ ಲಿವರ್ ಅಲುಗಾಟ. ಎಂಜಿನ್ ಸದ್ದು ಒಂದೇ ಲಯದಲ್ಲಿದ್ದೂ ಕ್ಯಾಬಿನ್ ನಡುಗಿದರೆ ಅನುಮಾನ ಮೌಂಟ್ ಮೇಲೆ. ಸದ್ದೇ ತಪ್ಪುತ್ತಿದ್ದರೆ ಇಂಧನದ ಕಡೆ ಹೋಗಿ. ಬಾನೆಟ್ ತೆಗೆದು, ಬ್ರೇಕ್ ಗಟ್ಟಿಯಾಗಿ ಹಿಡಿದು, ಕ್ಲಚ್ ಸ್ವಲ್ಪ ಬಿಟ್ಟಾಗ ಎಂಜಿನ್ ಎಷ್ಟು ಎದ್ದೇಳುತ್ತೆ ಅಂತ ಮೆಕ್ಯಾನಿಕ್ ಪಕ್ಕದಿಂದ ನೋಡಲಿ. ಗಾಡಿ ಮುಂದೆ ಮಾತ್ರ ಯಾರೂ ನಿಲ್ಲಬಾರದು.

ಬದಲಿಸುವಾಗ ಇಷ್ಟು ಗಮನಿಸಿ

ಯಶವಂತಪುರದ ಲಾರಿ ಗ್ಯಾರೇಜ್ ಇರಲಿ, ಯಲಹಂಕದ ಸರ್ವಿಸ್ ಸೆಂಟರ್ ಇರಲಿ, ಆರ್.ಟಿ. ನಗರದ ಗಲ್ಲಿ ಮೆಕ್ಯಾನಿಕ್ ಇರಲಿ, ನಿಯಮ ಒಂದೇ.

* ಎಡ-ಬಲ ಎರಡೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಭಾರವೆಲ್ಲ ಹೊಸದರ ಮೇಲೆ. ಗೇರ್‌ಬಾಕ್ಸ್ ಮೌಂಟನ್ನೂ ನೋಡಿಸಿ.
* ಆಯಿಲ್ ಸೋರಿಕೆಯನ್ನು ಮೊದಲು ನಿಲ್ಲಿಸಿ. ಮೂಲ ಬಗ್ ಬಿಟ್ಟು ಪ್ಯಾಚ್ ಹಾಕಿದರೆ ಏನಾಗುತ್ತೆ ಅಂತ ನಮಗೆ ಹೇಳಬೇಕಾ?
* ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಪಾರ್ಟ್ ನಂಬರ್ ಹೊಂದಿಸಿ. ಗಟ್ಟಿಯಾದ ಪಾಲಿಯುರೆಥೇನ್ ಮೌಂಟ್ ಬಾಳಿಕೆ ಬಂದರೂ ನಡುಕ ಜಾಸ್ತಿ.
* ಎಂಜಿನ್ ಎತ್ತುವಾಗ ಜ್ಯಾಕ್ ನೇರವಾಗಿ ಆಯಿಲ್ ಸಂಪ್‌ಗೆ ತಾಗಬಾರದು, ಬಿರುಕು ಬಿಡುತ್ತೆ. ಬ್ಯಾಟರಿ ನೆಗೆಟಿವ್ ತೆಗೆದಿರಲಿ. ಫ್ಯಾನ್, ಹೋಸ್, ವೈರಿಂಗ್ ಎಳೆಯದಂತೆ ನಿಧಾನವಾಗಿ ಎತ್ತಲಿ.
* ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಎಂಜಿನ್ ಭಾರ ಇಳಿದ ಮೇಲೆ ಟಾರ್ಕ್ ರೆಂಚ್‌ನಿಂದ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು.

‘ಇನ್ನೂ ಓಡುತ್ತಲ್ಲ’ ಅಂತ ಮುಂದೂಡಬೇಡಿ. ಮೌಂಟ್ ಪೂರ್ತಿ ಹರಿದರೆ ಎಂಜಿನ್ ವಾಲಿ ಫ್ಯಾನ್ ಕವರ್‌ಗೆ ಬಡಿಯಬಹುದು, ಕೂಲೆಂಟ್ ಹೋಸ್ ಕಿತ್ತು ಬರಬಹುದು. ಅದು ಏರ್‌ಪೋರ್ಟ್ ರಸ್ತೆಯಲ್ಲಾದರೆ ಟೋಯಿಂಗ್ ಸಿಗಬಹುದು, ಘಾಟಿಯ ನಡುವೆ ಕಷ್ಟ. ಮುಂದಿನ ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ ‘ಮೌಂಟ್ ಚೆಕ್’ ಅಂತ ಬರೆಸಿ. ಬದಲಿಸಿದರೆ ಹಳೆಯದನ್ನು ಕೇಳಿ ಪಡೆದು, ರಬ್ಬರ್ ಎಲ್ಲಿ ಹರಿದಿದೆ ಅಂತ ಕಣ್ಣಾರೆ ನೋಡಿ.