ಕೆಂಪು ಅಂಕಿ ನಂಬಿ ಕೆಟ್ಟೆ!

ರಜೆಯ ದಿನ ಬ್ಯಾಂಕಿನ ಬಾಗಿಲಿಗೆ ಹೋಗಿ ಪೆಚ್ಚಾಗಿ ಬಂದಿದ್ದೀರಾ? ನಾನು ಬಂದಿದ್ದೇನೆ. ಒಂದು ವರ್ಷ ಕ್ಯಾಲೆಂಡರಿನಲ್ಲಿ ರಂಜಾನ್ ರಜೆ ಬುಧವಾರವಿತ್ತು. ಅಡವಿಟ್ಟ ಬಳೆ ಬಿಡಿಸಲು ಗುರುವಾರ ಹೋದರೆ ಬೀಗ! ಮಾರನೇ ದಿನ ತಂಗಿಯ ಮಗಳ ಮದುವೆ. "ಮೊನ್ನೆ ಸಂಜೆ ಚಂದ್ರ ಕಾಣಲಿಲ್ಲ ಅಕ್ಕಾ, ಹಬ್ಬ ಇವತ್ತು" ಅಂತ ಪಕ್ಕದ ಮನೆ ಆಪಾ ಪಾಯಸದ ಬಟ್ಟಲು ಹಿಡಿದು ಬಂದರು. ನಾನು ಗಾಜಿನ ಬಳೆಯಲ್ಲೇ ಮದುವೆಗೆ ಹೋದೆ. ಆಮೇಲೆ ಅವರಿಂದಲೇ ಲೆಕ್ಕ ಕಲಿತೆ.

ನಮ್ಮ ಚಾಂದ್ರಮಾನದಂತೆ ಅವರದೂ ಚಂದ್ರನ ಲೆಕ್ಕವೇ. ತಿಂಗಳಿಗೆ 29 ಇಲ್ಲವೆ 30 ದಿನ, ವರ್ಷಕ್ಕೆ ಸುಮಾರು 354. ನಾವು ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ, ಅವರಲ್ಲಿ ಅದಿಲ್ಲ. ಅದಕ್ಕೇ ಅವರ ಹಬ್ಬಗಳು ಪ್ರತಿವರ್ಷ 10-11 ದಿನ ಮುಂಚೆ ಬರುತ್ತವೆ. 2000ದಲ್ಲಂತೂ ರಂಜಾನ್ ಹಬ್ಬ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಬಂತು!

ಉಪವಾಸದ 29ನೇ ಸಂಜೆ ಚಂದ್ರ ಕಂಡರೆ ಮರುದಿನವೇ ಹಬ್ಬ; ಕಾಣದಿದ್ದರೆ 30 ಪೂರೈಸಿದ ಮೇಲೆ. ಊರಿಂದೂರಿಗೂ ಬೇರೆಯಾಗುವುದುಂಟು. 2024ರಲ್ಲಿ ಕೇರಳದಲ್ಲಿ ಚಂದ್ರ ಕಂಡಿತೆಂದು ಮಂಗಳೂರು, ಉಡುಪಿ ಕಡೆ ಏಪ್ರಿಲ್ 10ಕ್ಕೆ ಹಬ್ಬ ಮಾಡಿದರು, ಬೆಂಗಳೂರಿನಲ್ಲಿ 11ಕ್ಕೆ.

ಬಕ್ರೀದಿಗೆ ಈ ಗಡಿಬಿಡಿಯಿಲ್ಲ. ಅದು ತಿಂಗಳ 10ನೇ ದಿನ; ತಿಂಗಳು ಹುಟ್ಟಿದಾಗಲೇ ತಾರೀಖು ಗೊತ್ತಾಗುತ್ತದೆ.

ಆದ್ದರಿಂದ ಸೋದರಿಯರೇ, ರಂಜಾನ್ ಹತ್ತಿರ ಬಂದಾಗ ಬ್ಯಾಂಕಿನ ಕೆಲಸವನ್ನು ಎರಡು ದಿನ ಮೊದಲೇ ಮುಗಿಸಿಬಿಡಿ. ನಾನಂತೂ ಈಗ 29ನೇ ಸಂಜೆ ಆಪಾ ಜೊತೆ ಮಾಳಿಗೆ ಹತ್ತುತ್ತೇನೆ!