ಟೊಮ್ಯಾಟೊ ಕೀಳೋದು ಯಾವಾಗ?

ಹಿತ್ತಲಲ್ಲಿ ಟೊಮ್ಯಾಟೊ ಬೆಳೆದವರದ್ದೆಲ್ಲ ಒಂದೇ ದೂರು. ನಾಳೆ ಕೀಳೋಣ ಅಂತ ಬಿಟ್ಟ ಹಣ್ಣನ್ನು ನಾವು ಏಳೋದ್ರೊಳಗೆ ಪಿಕಳಾರ ಹಕ್ಕಿ ಕುಕ್ಕಿರುತ್ತೆ, ಇಲ್ಲವೇ ಅಳಿಲು ಅರ್ಧ ತಿಂದಿರುತ್ತೆ. ಅದಕ್ಕೆ ಕವಣೆ ಹಿಡಿದು ಕೂರಬೇಕಿಲ್ಲ. ಗಿಡದಲ್ಲೇ ಪೂರ್ತಿ ಕೆಂಪಾಗಲಿ ಅನ್ನೋ ಆಸೆ ಬಿಟ್ಟರೆ ಸಾಕು.

ಬಾಳೆ, ಮಾವಿನ ಹಾಗೆ ಟೊಮ್ಯಾಟೊ ಕಿತ್ತ ಮೇಲೂ ಮಾಗುತ್ತದೆ. ಬಲಿತ ಕಾಯಿ ಎಥಿಲೀನ್ ಎಂಬ ಅನಿಲವನ್ನು ತಾನೇ ಬಿಡುತ್ತದೆ. ಅದೇ ಅದನ್ನು ಹಣ್ಣು ಮಾಡುವುದು. ಕಾಯಿಯ ಬುಡದಲ್ಲಿ, ಅಂದರೆ ತೊಟ್ಟಿನ ಎದುರು ಬದಿಯಲ್ಲಿ, ತುಸು ಕೆಂಪು ಕಂಡ ದಿನವೇ ಕಿತ್ತು ಮನೆಯೊಳಗೆ ನೆರಳಲ್ಲಿಡಿ. ಐದಾರು ದಿನಕ್ಕೆ ಕೆಂಪಾಗುತ್ತೆ. ಬೇಗ ಬೇಕಿದ್ದರೆ ಜೊತೆಗೊಂದು ಬಾಳೆಹಣ್ಣು ಇಡಿ. ಎಳೇ ಹಸಿರು ಕಾಯಿ ಕಿತ್ತರೆ ಮಾತ್ರ ರುಚಿ ಬರೋಲ್ಲ.

ಕೆಲವರು ನೈಲಾನ್ ಬಲೆ ಹೊದಿಸುತ್ತಾರೆ. ಸಡಿಲ ಬಲೆಗೆ ಹಕ್ಕಿಯ ಕಾಲು ಸಿಕ್ಕುತ್ತೆ. ಇಲಿ ಹಿಡಿಯಲು ಬಂದ ಕೇರೆಹಾವೂ ಸಿಕ್ಕಿ ಸಾಯುತ್ತೆ. ಆಮೇಲೆ ಇಲಿ ಹಿಡಿಯೋರು ಯಾರು? ಪಿಕಳಾರವೂ ಬರೀ ಕಳ್ಳನಲ್ಲ, ಮರಿಗಳಿಗೆ ಹುಳ ಹಿಡಿದು ಉಣಿಸುತ್ತೆ. ಬೇಸಿಗೆಯಲ್ಲಿ ಬಾಯಾರಿಯೂ ಹಣ್ಣು ಕುಕ್ಕುತ್ತವೆ, ತೆಂಗಿನ ಚಿಪ್ಪಲ್ಲಿ ನೀರಿಟ್ಟು ನೋಡಿ. ಕುಕ್ಕಿದ ಹಣ್ಣು ನಾವು ತಿನ್ನಬಾರದು, ಗಿಡದಲ್ಲೇ ಅವಕ್ಕೆ ಬಿಡಿ. ಕೊಳೆತದ್ದು ತಿಪ್ಪೆಗೆ.