ಪರದೇಶದ ವ್ಯಾಜ್ಯಕ್ಕೆ ಸ್ವದೇಶದ ಬೆಂಬಲ

ಕಾಸರಗೋಡಿನ ಅನೇಕ ಮನೆಗಳವರು ಕೊಲ್ಲಿ ನಾಡುಗಳಲ್ಲಿ ಉದ್ಯೋಗ, ವ್ಯಾಪಾರಗಳಲ್ಲಿ ತೊಡಗಿರುವರು. ಅಲ್ಲಿ ವ್ಯಾಜ್ಯವೊದಗಿದರೆ ನಮ್ಮ ಸರಕಾರವು ನೆರವಾಗುವುದೇ? ಆಗುವುದು, ಆದರೆ ಅದಕ್ಕೊಂದು ಮೇರೆಯುಂಟು.

ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ಜಿ.ಎಂ.ಆರ್. ಸಂಸ್ಥೆಯು 2010ರಲ್ಲಿ ಮಲೇಶಿಯದ ಸಂಸ್ಥೆಯೊಂದರೊಡನೆ ಕೂಡಿ, ಮಾಲ್ದೀವಿನ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷ ನಡೆಸುವ ಗುತ್ತಿಗೆಯನ್ನು ಪಡೆಯಿತು. ಸರಕಾರ ಬದಲಾಯಿತು. 2012ರ ನವೆಂಬರಿನಲ್ಲಿ ಹೊಸ ಸರಕಾರವು ಕರಾರು ಮೊದಲಿನಿಂದಲೇ ಅಸಿಂಧುವೆಂದು ಸಾರಿ, ಏಳು ದಿನಗಳಲ್ಲಿ ನಿಲ್ದಾಣವನ್ನು ಬಿಟ್ಟುಕೊಡಬೇಕೆಂದಿತು. ಭಾರತ ಸರಕಾರವು ತನ್ನ ಕಳವಳವನ್ನು ಬಹಿರಂಗವಾಗಿಯೇ ಸೂಚಿಸಿತು. ಆದರೂ ಸಿಂಗಾಪುರದ ಮೇಲ್ಮನವಿ ನ್ಯಾಯಾಲಯವು ಸ್ವಾಧೀನವನ್ನು ತಡೆಯಲೊಪ್ಪಲಿಲ್ಲ. ಡಿಸೆಂಬರಿನಲ್ಲಿ ನಿಲ್ದಾಣ ಕೈಬಿಟ್ಟಿತು. ದ್ವೀಪಗಳು ಚಿಕ್ಕವೇ ಇರಬಹುದು, ರಾಷ್ಟ್ರವು ಸ್ವತಂತ್ರವಷ್ಟೆ! ಮುಂದೆ 2014ರಲ್ಲಿ ಮಧ್ಯಸ್ಥ ಮಂಡಲಿಯು ಕರಾರು ಸಿಂಧುವೇ ಆಗಿತ್ತೆಂದು ತೀರ್ಮಾನಿಸಿತು. 2016ರಲ್ಲಿ ಸುಮಾರು 27 ಕೋಟಿ ಡಾಲರು ಪರಿಹಾರ ಸಂದಿತು. ಅದನ್ನು ದೊರಕಿಸಿದ್ದು ಕರಾರಿನಲ್ಲಿದ್ದ ಮಧ್ಯಸ್ಥಿಕೆಯ ಕಲಮು ಎಂದೇ ನಮ್ಮ ಅಭಿಪ್ರಾಯ.

ರಾಯಭಾರ ಕಚೇರಿಯು ಅಧಿಕಾರಿಗಳೊಡನೆ ಮಾತನಾಡಬಲ್ಲದು, ವಕೀಲರ ಹೆಸರು ತಿಳಿಸಬಲ್ಲದು. ಅನ್ಯದೇಶದ ನ್ಯಾಯಾಲಯದಲ್ಲಿ ಕೈಹಾಕಲಾರದು. ಸಂಬಳ ಬಾಕಿಯಂತಹ ದೂರುಗಳನ್ನು ವಿದೇಶಾಂಗ ಖಾತೆಯು 2015ರಲ್ಲಿ ತೆರೆದ ‘ಮದದ್’ ಜಾಲತಾಣದಲ್ಲಿ ಮನೆಯವರೇ ಸಲ್ಲಿಸಬಹುದು. ಅದಕ್ಕೆ ಆಧಾರ ಬೇಕು. ಆದುದರಿಂದ ಕರಾರಿನ ಒಂದು ಪ್ರತಿಯು ಊರಿನ ಮನೆಯಲ್ಲಿರಲಿ.